ಇಪ್ಪತ್ತರ ಮೇಲೆ ಎರಡು

ಕೊನೆಭಾಗ, ಚಂದ್ರನ ದಕ್ಷಿಣ ತುದಿ
ಫೆಬ್ರವರಿ 30, 2338

ಸಿಂಧನೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ಮೌನೇಶಣ್ಣನವರಿಗೂ ಅವರ ತಮ್ಮ ಅಮರಗುಂಡಣ್ಣನವರಿಗೂ ಹುಸೇನಪ್ಪನ ಶರಣು.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವನ ಕಾಗದವೆಂದು ಪಕ್ಕಕ್ಕಿಡಬೇಡಿ. ಇಲ್ಲಿ ಒಂದು ಹಗಲು, ಒಂದು ಇರುಳು ಕೂಡಿದರೆ ನಿಮ್ಮ ಇಪ್ಪತ್ತೊಂಬತ್ತೂವರೆ ದಿನ. ಅದಕ್ಕೆ ಹೊಂದಿಸಲು ನಮ್ಮ ಹಿರಿಯರು ಒಂದು ತಿಂಗಳಿಗೆ ಇಪ್ಪತ್ತೊಂಬತ್ತು ದಿನ, ಮರುತಿಂಗಳಿಗೆ ಮೂವತ್ತು ದಿನ ಎಂದು ಹಂಚಿಬಿಟ್ಟರು. ಮೊದಲಿನಿಂದಲೂ ಮೋಸ ಹೋಗಿದ್ದ ಫೆಬ್ರವರಿಗೆ ಹೀಗೆ ಕೊನೆಗೂ ಮೂವತ್ತು ಸಿಕ್ಕಿತು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಪುಸ್ತಕ ನೋಡಿ ಕಲಿತೆ, ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನಗೆ ಅರವತ್ತೊಂದು ವರ್ಷ, ನೀವಿಬ್ಬರೂ ಇನ್ನೂ ಮೂವತ್ತರ ಆಸುಪಾಸು. ಆದರೂ ಮುನ್ನೂರು ವರ್ಷ ಮೊದಲು ಹುಟ್ಟಿದವರನ್ನು ತಮ್ಮ ಎನ್ನಲು ನಾಲಿಗೆ ಏಳುವುದಿಲ್ಲ, ಹಾಗಾಗಿ ಅಣ್ಣ ಎನ್ನುತ್ತೇನೆ.

ಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯೊಂದು ಇಲ್ಲಿದೆ. ಹಿಂದಣ ಅಂಚೆ ಎನ್ನುತ್ತೇವೆ. ಅದು ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಬೇಡಿ, ನಾನು ಅಂಗಿ ಹೊಲಿಯುವವನು. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಕಾಗದ ಎಂಬುದಷ್ಟೇ ನನಗೆ ಗೊತ್ತು. ಎಲ್ಲರೂ ತಮ್ಮ ಮುತ್ತಜ್ಜನಿಗೋ ಮುತ್ತಜ್ಜಿಗೋ ಬರೆಯುತ್ತಾರೆ. ನಾನು ನಿಮ್ಮ ಹೆಸರು ಬರೆಸಿದಾಗ ಮಗಳು ದುರುಗಮ್ಮ ನಕ್ಕುಬಿಟ್ಟಳು. “ಯಪ್ಪಾ, ಸ್ವಂತ ಮುತ್ಯಾಗ ಬರಿಯೋದು ಬಿಟ್ಟು ಮದಿವಿ ವಿಡಿಯೋದವ್ರಿಗೆ ಬರಿತೀಯಲ್ಲ, ಹುಚ್ಚು ಗಿಚ್ಚು ಹಿಡದೈತೇನು ನಿಂಗ?” ಎಂದಳು. ಮುತ್ಯಾ ನನಗೆ ಮೂಗು ಕೊಟ್ಟ, ಅವರು ಉಸಿರು ಕೊಟ್ಟರು ಎಂದೆ. ಮಾತು ಸ್ವಲ್ಪ ದೊಡ್ಡದಾಯಿತೆಂದು ನನಗೂ ಅನಿಸಿತು. ಆದರೆ ಸುಳ್ಳಲ್ಲ.

ನೀವು ಮಾಡಿದ ‘ಚಂದ್ರನ ಬಯಲಾಗ ಇಬ್ಬರು’ ಎಂಬ ಎಪ್ಪತ್ತನಾಲ್ಕು ನಿಮಿಷದ ಚಿತ್ರದ ವಿಷಯ ನಾನು ಬರೆಯುತ್ತಿರುವುದು. ನಿಮ್ಮ ಊರಿನಲ್ಲಿ ಅದನ್ನು ಎಷ್ಟು ಜನ ನೋಡಿದರೋ ತಿಳಿಯದು. ಇಲ್ಲಿ ಅದನ್ನು ನೋಡದವರು ಯಾರೂ ಇಲ್ಲ. ಮೊದಲು ಬಂದ ಇನ್ನೂರು ಜನರಲ್ಲಿ ಹೆಚ್ಚಿನವರು ನಿಮ್ಮ ಕಡೆಯ ಕಾಲುವೆ ಸೀಮೆಯವರು. ಚಂದ್ರನ ಈ ನೆರಳಿನ ಗುಣಿಗಳಲ್ಲಿ ಹೆಪ್ಪುಗಟ್ಟಿರುವ ನೀರನ್ನು ಕಡಿದು ತೆಗೆಯಲು ಬಂದವರು. ಊರಿಗೆ ಕೊನೆಭಾಗ ಎಂದು ಹೆಸರಿಟ್ಟವರೂ ಅವರೇ. ಕಾಲುವೆಯ ಕೊನೆಯಲ್ಲಿ ಹೊಲ ಇದ್ದವರಿಗೆ ನೀರು ಕೊನೆಗೆ ಬರುತ್ತಿತ್ತಲ್ಲ, ನಾವು ಭೂಮಿಯಿಂದ ಬರುವ ಎಲ್ಲದಕ್ಕೂ ಹಾಗೇ ಎಂದು ನಗೆಯಾಡಿ ಇಟ್ಟದ್ದು. ಅವರು ಬಂದ ಎರಡನೆಯ ವರ್ಷ ಸೂರ್ಯನಿಂದ ಒಂದು ಬಿರುಗಾಳಿ ಎದ್ದು, ತಂದಿದ್ದ ಹಾಡು, ಚಿತ್ರ, ಪಾಠಗಳೆಲ್ಲ ಅಳಿಸಿಹೋದವು. ಯಾರದೋ ಸೀಸದ ಡಬ್ಬಿಯಲ್ಲಿ ಉಳಿದದ್ದು ನಿಮ್ಮ ಚಿತ್ರ ಒಂದೇ. ಮುಂದಿನ ಒಂಬತ್ತು ವರ್ಷ ಕೊನೆಭಾಗದಲ್ಲಿ ವಾರಕ್ಕೊಮ್ಮೆ ಅದೇ ಚಿತ್ರ. ಆ ಒಂಬತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳು ಲೋಕವನ್ನು ಕಲಿತದ್ದೇ ಅದರಿಂದ.

ಕಥೆ ನಿಮಗೆ ನಾನು ಹೇಳಬೇಕಿಲ್ಲ, ಆದರೆ ನಾವು ಕಂಡದ್ದನ್ನು ಹೇಳುತ್ತೇನೆ. ಅಣ್ಣ ತಮ್ಮ ಇಬ್ಬರು ಚಂದ್ರನ ಮೇಲೆ ಇಳಿಯುತ್ತಾರೆ, ಅವರ ಹಡಗು ಕೆಡುತ್ತದೆ, ತಮ್ಮನ ಗಾಳಿ ಡಬ್ಬಿ ಒಡೆಯುತ್ತದೆ. ಅಣ್ಣನದೊಂದೇ ಡಬ್ಬಿಯಲ್ಲಿ ಇಬ್ಬರೂ ದೂರದ ಇನ್ನೊಂದು ಹಡಗಿಗೆ ನಡೆದು ಹೋಗಬೇಕು. ನಿಮ್ಮ ಶಿರಸ್ತ್ರಾಣ ಸ್ಕೂಟರಿನ ಹೆಲ್ಮೆಟ್ಟು, ನಿಮ್ಮ ಗಾಳಿ ಡಬ್ಬಿ ಹತ್ತಿಗೆ ಔಷಧಿ ಹೊಡೆಯುವ ಪಂಪು, ನಿಮ್ಮ ಚಂದ್ರ ಯಾವುದೋ ಕಲ್ಲಿನ ಕ್ವಾರಿ. ನಲವತ್ತನೆಯ ನಿಮಿಷದಲ್ಲಿ ಹಿಂದೆ ಒಂದು ಎಮ್ಮೆ ನಡೆದು ಹೋಗುತ್ತದೆ. ಇಲ್ಲಿ ಎಮ್ಮೆಯನ್ನು ಕಣ್ಣಿನಿಂದ ಕಂಡವರು ಯಾರೂ ಇಲ್ಲ. ಅದು ಸಾವಿನ ಸಂಕೇತ ಎಂದು ನಮ್ಮ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದರು. ಮೇಯಲು ಬಂದಿತ್ತು ಅಷ್ಟೇ ಎಂದು ನನಗೆ ಅನುಮಾನ.

ಆಮೇಲೆ ಭೂಮಿಯಿಂದ ಬೇರೆ ಚಿತ್ರಗಳೂ ಬಂದವು. ನಿಮ್ಮ ಕಾಲದ ಆಕಾಶಯಾನದ ಚಿತ್ರಗಳನ್ನು ನಾನು ನೂರಾರು ನೋಡಿದ್ದೇನೆ. ಅವುಗಳಲ್ಲಿ ಅಣ್ಣತಮ್ಮಂದಿರು ಬಂದರೆ ಸಾಕು, ಒಬ್ಬನ ಕಥೆ ಮುಗಿಯಿತೆಂದೇ ಲೆಕ್ಕ. ಒಬ್ಬ ಹಡಗಿನಲ್ಲೇ ಉಳಿದು ಕೊನೆಯ ಗುಂಡಿ ಒತ್ತಬೇಕು, ಇನ್ನೊಬ್ಬ ಗಾಜಿನ ಆಚೆಯಿಂದ ಅಳಬೇಕು. ಅಷ್ಟು ದೊಡ್ಡ ಹಡಗು ಕಟ್ಟಿದವರಿಗೆ ಆ ಗುಂಡಿಗೆ ಒಂದು ಉದ್ದನೆಯ ದಾರ ಕಟ್ಟಲು ಹೊಳೆಯಲಿಲ್ಲವೇ ಎಂದು ನಮ್ಮ ಹೆಂಗಸರು ಬೈಯುತ್ತಾರೆ. ಇಲ್ಲವೇ ಒಬ್ಬ ಬೆಳಕಿನ ವೇಗದಲ್ಲಿ ಹೋಗಿ ಹರೆಯದವನಾಗಿಯೇ ಮರಳುತ್ತಾನೆ, ಇನ್ನೊಬ್ಬ ಮುದುಕನಾಗಿ ಕಾದಿರುತ್ತಾನೆ. ಅದೂ ಇಲ್ಲದಿದ್ದರೆ ಇಬ್ಬರೂ ಎರಡು ಗ್ರಹಗಳ ಸೇನಾಪತಿಗಳಾಗಿ ಹೊಡೆದಾಡುತ್ತಾರೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ನಕ್ಷತ್ರಲೋಕಕ್ಕೂ ಹತ್ತಿದೆ. ಚೆನ್ನಾಗಿ ಮಾಡಿದ ಚಿತ್ರಗಳೇ, ನಾನೂ ಕಣ್ಣೀರು ಹಾಕಿದ್ದೇನೆ. ಆದರೆ ಅವನ್ನು ನೋಡಿ ಬದುಕಲು ಬರುವುದಿಲ್ಲ. ನಿಮ್ಮ ಚಿತ್ರದಲ್ಲಿ ಯಾರೂ ಯಾರಿಗಾಗಿಯೂ ಸಾಯುವುದಿಲ್ಲ. ಇಬ್ಬರೂ ಕುಳಿತು, ಕಾಲುವೆ ನೀರಿಗೆ ಇದ್ದ ಹಾಗೆ ಗಾಳಿಗೂ ಪಾಳಿ ಹಾಕಿಕೊಳ್ಳುತ್ತಾರೆ. ನೀನು ಇಪ್ಪತ್ತು ಎಣಿಸುವ ತನಕ, ಆಮೇಲೆ ನಾನು ಇಪ್ಪತ್ತು. ಎರಡು ನಳಿಗೆಯ ಪಂಪಿನ ಒಂದೊಂದು ನಳಿಗೆಯನ್ನು ಒಬ್ಬೊಬ್ಬರು ಕಚ್ಚಿಕೊಂಡು, ಒಬ್ಬ ಉಸಿರಾಡುವಾಗ ಇನ್ನೊಬ್ಬ ಅವನ ತೋಳಿನ ಮೇಲೆ ಬೆರಳಿನಿಂದ ತಟ್ಟಿ ಎಣಿಸುತ್ತ ನಡೆಯುತ್ತಾರೆ. ಪಾಳಿ ಕಂಡ ಮಂದಿಗೆ ಮಾತ್ರ ಹೊಳೆಯುವ ಉಪಾಯ ಅದು. ನಿಮ್ಮ ಚಿತ್ರ ನಮ್ಮದು ಎಂದು ನಾವು ಎದೆ ತಟ್ಟಿಕೊಳ್ಳುವುದು ಇದೊಂದೇ ಕಾರಣಕ್ಕೆ.

ನಡೆಯುವ ಆ ದೃಶ್ಯದ ಒಂದು ಕಡೆ, ಅಣ್ಣನಾಗಿ ನಟಿಸಿದ ಮೌನೇಶಣ್ಣ ಉಸಿರಾಡುವಾಗ, ಅಮರಗುಂಡಣ್ಣ ಇಪ್ಪತ್ತಕ್ಕೆ ಕೈ ನಿಲ್ಲಿಸುವುದಿಲ್ಲ. ಇನ್ನೂ ಎರಡು ತಟ್ಟುತ್ತಾರೆ. ಚಿತ್ರ ಮುಗಿದ ಮೇಲೂ ಕ್ಯಾಮೆರಾ ಆರಿಸದೆ ಉಳಿದ ಕೆಲವು ಕ್ಷಣಗಳಲ್ಲಿ ನಿಮ್ಮ ಜಗಳ ಕೇಳಿಸುತ್ತದೆ. “ಲೇ ಅಮರಾ, ಇಪ್ಪತ್ತಕ್ಕ ಕೈ ನಿಲ್ಸು ಅಂತ ಹೇಳಿದ್ನಿಲ್ಲ? ಇದು ನಡಿಯಂಗಿಲ್ಲ, ಕತ್ತರ್ಸಿ ಒಗಿತೀನಿ” ಎಂದು ಮೌನೇಶಣ್ಣ. “ಅಣ್ಣಾ, ಆ ಹೆಲ್ಮೆಟ್ಟಿನಾಗ ನೀ ಖರೇನ ಉಸಿರು ಸಿಗದ ಕೆಂಪಗಾಗಿದ್ದಿ, ನಂಗ ಕೈ ನಿಲ್ಸಾಕ ಮನಸಾಗ್ಲಿಲ್ಲ” ಎಂದು ಅಮರಗುಂಡಣ್ಣ. ನಮ್ಮಲ್ಲಿ ಈಗ ಚಿತ್ರದ ಎರಡು ಪ್ರತಿಗಳಿವೆ. ಆಮೇಲೆ ಭೂಮಿಯಿಂದ ಬಂದ, ಆದರೆ ನಮ್ಮದಕ್ಕಿಂತ ಹಳೆಯ ತಾರೀಖಿನ ಒಂದರಲ್ಲಿ ಆ ಎರಡು ತಟ್ಟು ಇಲ್ಲ. ಅಂದರೆ ಮೌನೇಶಣ್ಣ, ನೀವು ಒಮ್ಮೆ ಹೇಳಿದಂತೆಯೇ ಕತ್ತರಿಸಿದ್ದೀರಿ, ಮತ್ತೆ ಏಕೋ ಮನಸ್ಸು ಬದಲಿಸಿ ಕೂಡಿಸಿದ್ದೀರಿ. ಏಕೆ ಬದಲಿಸಿದಿರೋ ಎಲ್ಲಿಯೂ ಬರೆದಿಲ್ಲ. ಯಾರೋ ಕೇಳಿಕೊಂಡಿರಬೇಕು. ಹಾಗಾದರೆ ಕೇಳಿಕೊಂಡವರಲ್ಲಿ ನಾನೂ ಒಬ್ಬನಾಗಿರಲಿ: ಕತ್ತರಿಸಬೇಡಿ. ಆ ಎರಡು ತಟ್ಟಿನಿಂದ ನಾನು ಬದುಕಿದ್ದೇನೆ, ಮತ್ತು ಅವುಗಳ ಮುಂದೆ ತಲೆ ತಗ್ಗಿಸಿಯೂ ನಿಂತಿದ್ದೇನೆ. ಎರಡನ್ನೂ ಹೇಳುತ್ತೇನೆ.

ಇಲ್ಲಿ ಹೊರಗೆ ಹೋಗಲು ತೊಡುವ ಬಟ್ಟೆಗೆ ಹೊರಂಗಿ ಎನ್ನುತ್ತೇವೆ. ನನ್ನ ಮನೆತನಕ್ಕೆ ನಾಲ್ಕು ತಲೆಯಿಂದ ಹೊರಂಗಿ ಹೊಲಿಯುವ ಕಸುಬು. ಭೂಮಿಯಿಂದ ಬಂದ ಹಳೆಯ ಅಂಗಿಗಳು ಹರಿದಾಗ ಕೊನೆಭಾಗದವರೇ ಹೊಲಿಯಲು ಕುಳಿತರು. ಅವರೆಲ್ಲ ನಿಮ್ಮ ಚಿತ್ರ ನೋಡಿ ಬೆಳೆದವರು. ಅಂಗಿ ಎಂದರೆ ಎರಡು ನಳಿಗೆ ಇರಲೇಬೇಕೆಂದು ಅವರ ತಲೆಯಲ್ಲಿ ಕೂತಿತ್ತು. ಹೀಗಾಗಿ ಪ್ರತಿ ಹೊರಂಗಿಯ ಬಲ ಪಕ್ಕೆಯಲ್ಲಿ ಇನ್ನೊಬ್ಬನ ಅಂಗಿಗೆ ಸಿಕ್ಕಿಸುವ ಒಂದು ನಳಿಗೆ ಇಟ್ಟರು. ಅದಕ್ಕೆ ತಮ್ಮನ ಬಾಯಿ ಎಂದು ಹೆಸರು. ಭೂಮಿಯ ಇಂಜಿನಿಯರುಗಳು ನೋಡಿ, ಯಾವ ನಕ್ಷೆಯಲ್ಲೂ ಇಲ್ಲದ್ದನ್ನು ಏಕೆ ಇಟ್ಟಿರಿ ಎಂದು ಕೇಳಿದರು. ನಮ್ಮವರು ಕೊಟ್ಟ ಉತ್ತರ ಇನ್ನೂ ಕಡತದಲ್ಲಿದೆ: “ಸಿನಿಮಾದಾಗ ಐತ್ರಿ.” ಔಷಧಿ ಪಂಪಿಗೆ ಎರಡು ನಳಿಗೆ ಇದ್ದದ್ದು ಒಂದೇ ಸಲಕ್ಕೆ ಎರಡು ಸಾಲು ಹೊಡೆಯಲು ಎಂಬುದು ನಮಗೆ ತಿಳಿದದ್ದು ಎಂಬತ್ತು ವರ್ಷದ ನಂತರ. ತಪ್ಪು ತಿಳಿದು ಮಾಡಿದ್ದು, ಒಪ್ಪುತ್ತೇನೆ. ಆ ತಪ್ಪಿನಿಂದ ಈವರೆಗೆ ನಲವತ್ತಮೂರು ಜನ ಬಾಗಿಲಿಗೆ ಮರಳಿದ್ದಾರೆ. ಈಗ ಭೂಮಿಯ ಅಂಗಿಗಳಿಗೂ ತಮ್ಮನ ಬಾಯಿ ಇಡುತ್ತಾರೆ. ಹೆಸರು ಮಾತ್ರ ಬೇರೆ ಏನೋ ಇಟ್ಟಿದ್ದಾರೆ.

ನಮ್ಮಲ್ಲಿ ಹೊರಗೆ ಯಾರೂ ಒಂಟಿಯಾಗಿ ಹೋಗುವಂತಿಲ್ಲ. ಜೋಡಿಪಟ್ಟಿಯಲ್ಲಿ ಹೆಸರು ಕೂಡಿದ ಇಬ್ಬರು ಹೋಗಬೇಕು. ಒಡಹುಟ್ಟಿದವರನ್ನು ಕೂಡಿಸುವುದಿಲ್ಲ, ಒಂದೇ ಮನೆಯ ಎರಡು ಜೀವ ಒಟ್ಟಿಗೆ ಹೋಗಬಾರದೆಂದು. ಹೀಗೆ ಜೋಡಿಯಾದವರು ಅಂದಿನಿಂದ ಅಣ್ಣ ತಮ್ಮ, ಅಕ್ಕ ತಂಗಿ. ಡಬ್ಬಿ ಒಂದೇ ಉಳಿದರೆ ತಮ್ಮನ ಬಾಯಿ ಸಿಕ್ಕಿಸಿ ಇಪ್ಪತ್ತರ ಪಾಳಿ ನಡೆಸಬೇಕು. ಕವಾಟ ಒಂದು ಸಲಕ್ಕೆ ಒಬ್ಬನಿಗೇ ಗಾಳಿ ಬಿಡುತ್ತದೆ, ಇನ್ನೊಬ್ಬ ಅಂಗಿಯೊಳಗಿನ ಹಳಸಿದ ಗಾಳಿಯಲ್ಲೇ ತಡೆದುಕೊಂಡು ಎಣಿಸುತ್ತಾನೆ. ತನ್ನ ಪಾಳಿಯನ್ನು ಯಾರೂ ತಾನೇ ಎಣಿಸಿಕೊಳ್ಳುವಂತಿಲ್ಲ. ಮನಸ್ಸಿದ್ದರೆ ಇಪ್ಪತ್ತರ ಮೇಲೆ ಎರಡು ಕೊಡಬಹುದು. ಅದು ಕಾಯಿದೆ ಅಲ್ಲ, ಅಮರಗುಂಡಣ್ಣನಿಂದ ಬಂದ ಪದ್ಧತಿ. ನಿಮ್ಮ ಕಡೆ ನೀರು ಹಂಚುವ ನೀರುಗಂಟಿ ಇದ್ದಂತೆ ಇಲ್ಲಿ ಗಾಳಿಗಂಟಿ ಇದ್ದಾಳೆ. ಪಾಳಿ ಕದ್ದವನನ್ನು ಅವಳು ಪಟ್ಟಿಯಿಂದ ತೆಗೆದರೆ ಅವನು ಮತ್ತೆ ಜನ್ಮದಲ್ಲಿ ಹೊರಗೆ ಹೋಗಲಾರ. ನನ್ನಂಥ ಹೊಲಿಯುವವನಿಗಂತೂ ಸೂಜಿಯೂ ಹೋದಂತೆ. ತಾನು ತೊಟ್ಟು ಹೊರಗೆ ನಡೆದು ನೋಡದ ಅಂಗಿಯನ್ನು ಇನ್ನೊಬ್ಬರಿಗೆ ಕೊಡಬಾರದೆಂಬುದು ನಮ್ಮ ಕಸುಬಿನ ಕಟ್ಟು.

ಮೂವತ್ತೊಂದು ವರ್ಷದ ಹಿಂದೆ ನನಗೆ ಯಂಕೋಬ ಎಂಬವನನ್ನು ಜೋಡಿ ಹಾಕಿದರು. ನನಗಿಂತ ನಾಲ್ಕು ವರ್ಷ ಚಿಕ್ಕವನು, ಮಂಜು ಕಡಿಯುವವನು. ನನಗೆ ಅವನು ಸೇರುತ್ತಿರಲಿಲ್ಲ. ರೇಡಿಯೋದಲ್ಲಿ ಸದಾ ರಾಗವಿಲ್ಲದ ಹಾಡು. ಹೊಸ ಅಂಗಿ ಪರೀಕ್ಷಿಸಲು ಅವನೊಡನೆ ಆರನೆಯ ಗುಣಿಗೆ ಹೋದ ದಿನ ಒಂದು ಮಂಜಿನ ಹಲಗೆ ಜಾರಿ ಅವನ ಡಬ್ಬಿ ಸೀಳಿತು. ಬಾಗಿಲಿಗೆ ಒಂದೂ ಮುಕ್ಕಾಲು ಗಂಟೆಯ ನಡಿಗೆ. ನಳಿಗೆ ಸಿಕ್ಕಿಸಿದೆವು, ಪಾಳಿ ಶುರು ಮಾಡಿದೆವು. ಮೊದಲ ಅರ್ಧ ಗಂಟೆ ನಾನು ಸರಿಯಾಗಿಯೇ ಎಣಿಸಿದೆ. ಆಮೇಲೆ ಡಬ್ಬಿಯ ಮುಳ್ಳು ನೋಡಿದೆ, ಹೆದರಿಕೆ ಬಂತು. ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ. ಅದನ್ನು ನೆವವಾಗಿ ಹೇಳುತ್ತಿಲ್ಲ, ಆಗ ತಲೆಯಲ್ಲಿ ಇದ್ದದ್ದು ಹೇಳುತ್ತಿದ್ದೇನೆ. ಅವನ ಪಾಳಿ ಬಂದಾಗ ನನ್ನ ಬೆರಳು ಬೇಗ ಬೇಗ ತಟ್ಟತೊಡಗಿತು. ತಟ್ಟಿದ್ದು ಇಪ್ಪತ್ತೇ, ಆದರೆ ಹದಿನಾಲ್ಕರ ಹೊತ್ತಿನಲ್ಲಿ. ನನ್ನ ಪಾಳಿಯಲ್ಲಿ ಅವನು ನಿಧಾನವಾಗಿ ಇಪ್ಪತ್ತು ತಟ್ಟಿ, ಮೇಲೆ ಎರಡು ತಟ್ಟುತ್ತಿದ್ದ. ಪ್ರತಿ ಸಲವೂ. ಅದು ನನಗೆ ತಿಳಿಯುತ್ತಿತ್ತು. ತಿಳಿದೂ ನನ್ನ ಬೆರಳು ನಿಧಾನವಾಗಲಿಲ್ಲ. ಬಾಗಿಲು ತೆರೆದಾಗ ನಾನು ನಿಂತಿದ್ದೆ, ಅವನು ನನ್ನ ಹೆಗಲ ಮೇಲೆ ಬಿದ್ದಿದ್ದ. ತಮ್ಮನನ್ನು ಹೊತ್ತು ತಂದ ಅಣ್ಣ ಎಂದು ಊರೆಲ್ಲ ನನ್ನನ್ನು ಕೊಂಡಾಡಿತು. ಅಂದಿನಿಂದ ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ನನ್ನ ಹೆಸರು ಅಣ್ಣ. ಪ್ರತಿ ವರ್ಷ ನಿಮ್ಮ ಚಿತ್ರ ತೋರಿಸುವ ತೆರೆಹಬ್ಬದ ದಿನ ನಮ್ಮಿಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಯಂಕೋಬ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಎದ್ದು ಬಂದ. ನನ್ನ ಎಣಿಕೆಯ ಸುದ್ದಿಯನ್ನು ಯಾರ ಮುಂದೆಯೂ ಎತ್ತಲಿಲ್ಲ.

ಹೋದ ವರ್ಷ ಅವನ ಶ್ವಾಸಕೋಶ ಕೈಕೊಟ್ಟಿತು. ಮಂಜು ಕಡಿಯುವವರಿಗೆ ಧೂಳಿನಿಂದ ಬರುವುದೇ ಎಂದು ವೈದ್ಯರು ಹೇಳಿದರು. ನನಗೆ ಹಾಗೆ ಅನಿಸಲಿಲ್ಲ. ಒಂದು ದಿನ ಅವನ ಹಾಸಿಗೆಯ ಬಳಿ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಅವನು ಮೂಗಿನ ನಳಿಗೆ ಸರಿಮಾಡಿಕೊಂಡು, “ಗೊತ್ತೈತಿ ಬಿಡಣ್ಣ. ನೀ ತಟ್ಟಿದ್ದು ನನ್ನ ತೋಳಿನ ಮ್ಯಾಲ ಅಲ್ಲೇನು?” ಎಂದ. ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. “ಬಂದಿತ್ತು. ಭಾಳ ಬಂದಿತ್ತು, ನಾಕೈದು ವರ್ಷ ಇತ್ತು. ಆಮ್ಯಾಲ ಒಂದಿನ ನಿನ್ನ ದುರುಗಿ ಚೀಲ ಹಾಕ್ಕೊಂಡು ಸಾಲಿಗೆ ಹೊಂಟಿದ್ಲು. ನೋಡಿದೆ, ಹೋತು” ಎಂದ. ನಾನು ಅತ್ತೆ. ಅಳುವುದು ಮುಗಿಯುವ ತನಕ ಕಾದು, ಅವನೇ ಮತ್ತೆ ಹೇಳಿದ: “ಮಂದಿಗೂ ಹೇಳು. ಅಂಜಿದವ ಏನು ಮಾಡ್ತಾನ ಅನ್ನೂದು ಹುಡುಗ್ರಿಗೆ ಗೊತ್ತಿರ್ಬೇಕು. ಅದೊಂದು ಸಿನಿಮಾದಾಗ ಇಲ್ಲ.”

ಹನ್ನೆರಡು ದಿನದ ಹಿಂದೆ ತೆರೆಹಬ್ಬ ಇತ್ತು. ನಾಲ್ಕು ಸಾವಿರ ಜನ ಕೂತಿದ್ದರು. ನೀವಿಬ್ಬರೂ ನಡೆಯುವ ದೃಶ್ಯಕ್ಕೆ ಎಲ್ಲರೂ ಬಾಯಿ ಬಿಟ್ಟು ಎಣಿಸುವುದು ವಾಡಿಕೆ. ಚಿತ್ರ ಮುಗಿದ ಮೇಲೆ ನಾನು ಎದ್ದು ನಿಂತು ಹೇಳಿದೆ. ಬೆರಳು ಹೇಗೆ ತಟ್ಟಿತೆಂಬುದನ್ನೂ ತಟ್ಟಿ ತೋರಿಸಿದೆ. ಗಾಳಿಗಂಟಿ ಲಾಲಬಿ ಪಟ್ಟಿ ತರಿಸಿದಳು. ಅವಳ ಮೊದಲ ಅಂಗಿ ಹೊಲಿದುಕೊಟ್ಟವನು ನಾನೇ. ಪಟ್ಟಿಯಿಂದ ಹೆಸರು ತೆಗೆಯುವ ಮುನ್ನ ಸಭೆಯನ್ನು ಮೂರು ಸಲ ಕೇಳಬೇಕು. ಒಂದು ಕೈ ಎದ್ದರೂ ಹೆಸರು ಉಳಿಯುತ್ತದೆ, ಆದರೆ ಅಂದಿನಿಂದ ಅವನು ಆ ಕೈಯವನ ಜೋಡಿಯಾಗಿ ಮಾತ್ರ ಹೊರಗೆ ಹೋಗಬೇಕು. “ಇವನ ಜೋಡಿ ಯಾರು ಹೋಗ್ತೀರಿ?” ಎಂದು ಲಾಲಬಿ ಕೇಳಿದಳು. ದುರುಗಮ್ಮನ ಕೈ ಅಲುಗಿತು. ಹೆತ್ತ ಮಗಳ ಕೈ ಎಣಿಕೆಗೆ ಬಾರದೆಂದು ನೆನಪಾಗಿ ಸುಮ್ಮನಾದಳು. ಬೇರೆ ಯಾರೂ ಎತ್ತಲಿಲ್ಲ. ನಾನು ಅಂಗಿ ತೊಡಿಸಿ ಹೊರಗೆ ಕಳಿಸಿದ ಸಾವಿರ ಜನ ಅಲ್ಲಿದ್ದರು. ಎರಡನೆಯ ಸಲವೂ ಯಾರೂ ಎತ್ತಲಿಲ್ಲ. ನಿಮಗೆ ವಿಚಿತ್ರ ಅನಿಸಬಹುದು, ಆಗ ನನ್ನ ಎದೆ ಹೆಮ್ಮೆಯಿಂದ ತುಂಬಿತು. ತಾವೇ ಮೂವತ್ತೊಂದು ವರ್ಷ ತಲೆಯ ಮೇಲೆ ಹೊತ್ತವನಿಗಾಗಿಯೂ ಈ ಜನ ಪಾಳಿಯನ್ನು ಬಗ್ಗಿಸಲಿಲ್ಲ. ನೀವು ಪಂಪು ಕಟ್ಟಿಕೊಂಡು ಕ್ವಾರಿಯಲ್ಲಿ ನಡೆದದ್ದು ವ್ಯರ್ಥವಾಗಿಲ್ಲ.

ಮೂರನೆಯ ಸಲ ಕೇಳಿದಾಗ ಮುಂದಿನ ಸಾಲಿನಲ್ಲಿ, ಗಾಲಿ ಕುರ್ಚಿಯಲ್ಲಿ ಕೂತಿದ್ದ ಯಂಕೋಬ ಕೈ ಎತ್ತಿದ. ಹಿಂದಿನಿಂದ ಯಾರೋ, “ಅವ ಕುರ್ಚಿ ಬಿಟ್ಟು ಏಳಂಗಿಲ್ಲ, ಹೊರಗ ಹೆಂಗ ಹೋಗ್ತಾನ?” ಎಂದರು. ಲಾಲಬಿ “ಕೈ ಎದ್ದೈತಿ” ಎಂದಷ್ಟೇ ಹೇಳಿ ಬರೆದುಕೊಂಡಳು. ಅವನ ಕೈ ಕೆಳಗಿಳಿಯಲು ತಡವಾಯಿತು, ಅಷ್ಟು ಎತ್ತುವುದಕ್ಕೇ ಅವನಿಗೆ ದಮ್ಮು ಹತ್ತಿತ್ತು. ಹೀಗೆ ನನ್ನ ಹೆಸರು ಪಟ್ಟಿಯಲ್ಲಿ ಉಳಿದಿದೆ. ನನ್ನ ಜೋಡಿ ಮತ್ತೆ ಎಂದೂ ಹೊರಗೆ ಹೋಗಲಾರ, ಆದ್ದರಿಂದ ನಾನೂ ಹೋಗಲಾರೆ. ಸೂಜಿಯನ್ನು ದುರುಗಮ್ಮ ತೆಗೆದುಕೊಂಡಿದ್ದಾಳೆ. ಕೈ ನನ್ನದಕ್ಕಿಂತ ನೇರ, ಆದರೆ ಹೇಳಿದ ಮಾತು ಕೇಳುವುದಿಲ್ಲ.

ಅಂಚೆಯ ಮಿತಿ ಮುಗಿಯುತ್ತ ಬಂತು. ಈ ಕಾಗದ ತಲುಪುವ ಹೊತ್ತಿಗೆ ನೀವಿಬ್ಬರೂ ಯಾರದೋ ಮದುವೆಯಲ್ಲಿ ಕ್ಯಾಮೆರಾ ಹಿಡಿದು ಜಗಳವಾಡುತ್ತಿರಬಹುದು. ಆಡಿ, ಅಣ್ಣತಮ್ಮಂದಿರೆಂದ ಮೇಲೆ ಅದೂ ಇರಬೇಕು. ನಿಮ್ಮ ಮನೆತನ, ನಿಮ್ಮ ಅಂಗಡಿ ಚೆನ್ನಾಗಿರಲಿ. ನಾನು ಈಗ ಆಸ್ಪತ್ರೆಗೆ ಹೋಗುತ್ತೇನೆ, ಯಂಕೋಬನಿಗೆ ಗಂಜಿ ಕುಡಿಸುವ ಹೊತ್ತಾಯಿತು. ಊರಿನಲ್ಲಿ ನನ್ನನ್ನು ಈಗ ಹುಸೇನಪ್ಪ ಎಂದೇ ಕರೆಯುತ್ತಾರೆ, ಅದು ನ್ಯಾಯವೇ. ಅಣ್ಣ ಎನ್ನುವವನು ಅವನೊಬ್ಬನೇ.

ಇತಿ ನಿಮ್ಮ,
ಹುಸೇನಪ್ಪ, ಹೊರಂಗಿ ಹೊಲಿಯುತ್ತಿದ್ದವನು